ಕಾಪಾಡಿದ್ದು ಯಾರು?

ಹಳೆ ಬ್ರಿಟಿಷ್ ಐಷಾರಾಮಿ ಕಾರುಗಳ ಮಾರಾಟದ ಜಾಹೀರಾತುಗಳನ್ನ ನಾಲ್ಕು ಓದಿದ್ರೆ ಐದನೆಯದನ್ನ ನೀವೇ ಬರೀಬಹುದು. ಒಬ್ಬರೇ ಓನರ್. ಕಡಿಮೆ ಓಡಿದೆ. ಮಳೆ ಕಂಡಿಲ್ಲ. ಮೂಲ ಬಣ್ಣ, ಮೂಲ ಚರ್ಮದ ಸೀಟು. ಕೊನೆಗೆ, "ಬಹಳ ಚೆನ್ನಾಗಿ ಕಾಪಾಡಿದ ಗಾಡಿ". ನನ್ನ ತಕರಾರು ಈ ಕೊನೆ ಮಾತಿನ ಮೇಲೆ.

ಜಾಗ್ವಾರ್ ಎಕ್ಸ್‌ಜೆ-ಎಸ್ ಅನ್ನೇ ತಗೊಳ್ಳಿ. 1975ರಲ್ಲಿ ಬಂದ ಎರಡು ಬಾಗಿಲಿನ ಕೂಪೆ. 5.3 ಲೀಟರಿನ ಎಂಜಿನ್, ಹನ್ನೆರಡು ಸಿಲಿಂಡರ್. ಇದರ ಆಕಾರ ಮೂಡಿಸಿದ ಮಾಲ್ಕಂ ಸೇಯರ್ 1970ರಲ್ಲೇ ತೀರಿಕೊಂಡರು, ಕಾರು ರೋಡಿಗಿಳಿದಿದ್ದನ್ನ ನೋಡಲೇ ಇಲ್ಲ. ಸುಂದರಿ ಇ-ಟೈಪ್‌ನ ಜಾಗಕ್ಕೆ ಬಂದಿದ್ದರಿಂದ ಜನ ಮೊದಮೊದಲು ಮೂಗು ಮುರಿದರು. ಅದೂ 1973ರ ತೈಲ ಬಿಕ್ಕಟ್ಟಿನ ಬಿಸಿ ಆರದ ಕಾಲ, ಇದೋ ಪೆಟ್ರೋಲ್ ಕುಡಿಯುವ ರಾಕ್ಷಸ. ಆದರೂ 1996ರ ತನಕ ತಯಾರಾಯಿತು. ಕಾರಣ ಸರಳ: ಸದ್ದಿಲ್ಲದೆ, ಸುಸ್ತಿಲ್ಲದೆ ದಿನಕ್ಕೆ ಐನೂರು ಮೈಲಿ ಹೋಗೋಕೆ ಅಂತಲೇ ಮಾಡಿದ ಗಾಡಿ ಅದು.

ಅಂಥದ್ದನ್ನ ಷೆಡ್ಡಲ್ಲಿ ಮುಚ್ಚಿಟ್ಟರೆ ಏನಾಗುತ್ತೆ? ರಬ್ಬರ್ ಸೀಲುಗಳು ಒಣಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ರೇಡಿಯೇಟರ್ ಒಳಗೆ ಕಸ ಕಟ್ಟುತ್ತೆ, ಆಮೇಲೆ ಆ ದೊಡ್ಡ ಎಂಜಿನ್ ಕಾಯೋದಕ್ಕೆ ಶುರು. ಹಳೆ ಎಕ್ಸ್‌ಜೆ-ಎಸ್‌ಗಳಲ್ಲಿ ಹಿಂದಿನ ಬ್ರೇಕುಗಳು ಚಕ್ರದ ಹತ್ತಿರ ಇರಲ್ಲ, ನಡುವೆ ಡಿಫರೆನ್ಷಿಯಲ್ ಪಕ್ಕ ಕೂತಿರುತ್ತವೆ. ಅಲ್ಲಿ ಡಿಸ್ಕ್ ಬದಲಿಸಬೇಕಂದ್ರೆ ಹಿಂಭಾಗದ ಚೌಕಟ್ಟನ್ನೇ ಕೆಳಗಿಳಿಸಬೇಕು. ಇದ್ಯಾವುದೂ ಫೋಟೊದಲ್ಲಿ ಕಾಣಲ್ಲ. ಅಂದರೆ "ಕಡಿಮೆ ಓಡಿದೆ" ಅನ್ನೋದು ಹೊಗಳಿಕೆಯಲ್ಲ, ಎಚ್ಚರಿಕೆ. ನಮ್ಮ ಆಫೀಸುಗಳಲ್ಲೂ ಹಾಗೇ ಅಲ್ವಾ? ಆರು ವರ್ಷ ಯಾರೂ ಮುಟ್ಟದ ಕೋಡಿಗೆ "ಸ್ಟೇಬಲ್" ಅಂತ ಹೆಸರಿಡ್ತೀವಿ.

ಚಿತ್ರದುರ್ಗದ ಕಡೆಯ ನಮಗೂ ಒಂದು ಬ್ರಿಟಿಷ್ ಕಾರು ಗೊತ್ತಿತ್ತು: ಅಂಬಾಸಡರ್. ಹುಟ್ಟಿನಿಂದ ಅದು ಮಾರಿಸ್ ಆಕ್ಸ್‌ಫರ್ಡ್, ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾಗ್ತಿತ್ತು. ಹೊಸದುರ್ಗದ ಮದುವೆ ದಿಬ್ಬಣ, ಹೊಳಲ್ಕೆರೆಯಿಂದ ದುರ್ಗದ ಆಸ್ಪತ್ರೆಗೆ ಹೆರಿಗೆ ಕೇಸು, ಎಲ್ಲಕ್ಕೂ ಅದೇ. ಗಣಿ ಲಾರಿಗಳ ಕೆಂಪು ಧೂಳು ಕುಡಿದೂ ಅದು ಓಡಿದ್ದು ಹಿರಿಯೂರು, ದುರ್ಗದ ಹೈವೇ ಪಕ್ಕದ ಗ್ಯಾರೇಜುಗಳ ಮೇಸ್ತ್ರಿಗಳಿಂದ. ಸದ್ದು ಕೇಳಿಯೇ ಟ್ಯಾಪೆಟ್ ಹೊಂದಿಸುವವರು, ಸಿಗದ ಬುಷ್ಷನ್ನ ಲೇಥಲ್ಲಿ ಕಡೆಸಿ ಹಾಕುವವರು. ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದರು, ಅದನ್ನ ಯಾರೂ "ಕಾಪಾಡೋದು" ಅನ್ನಲಿಲ್ಲ. ಕೊನೆಗೆ ಗಾಡಿಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋದವು.

ಕಾನೂನಿನ ನೋಟವೂ ಹೀಗೇ ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಫಿಟ್‌ನೆಸ್ ತೋರಿಸಿ ನವೀಕರಿಸಬೇಕು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿ ವಿಂಟೇಜ್. 20,000 ರೂಪಾಯಿ ಕಟ್ಟಿದರೆ ವಿಶೇಷ ನಂಬರ್ ಪ್ಲೇಟ್. ಆದರೆ ರೋಡಿಗಿಳಿಸೋದು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥವಕ್ಕೆ ಮಾತ್ರ. ಈ ಎರಡರ ನಡುವಿನ 35 ವರ್ಷ ದಾಟೋದು ಯಾರಿಂದ ಸಾಧ್ಯ? ಷೆಡ್ಡು ಇರುವವನಿಂದ. ದುಡಿದ ಗಾಡಿ ಗುಜರಿಗೆ ಹೋಗುತ್ತೆ, ಕೂತ ಗಾಡಿ ಪರಂಪರೆ ಆಗುತ್ತೆ.

2008ರಿಂದ ಜಾಗ್ವಾರ್ ಟಾಟಾದವರದು. ನಮ್ಮಲ್ಲಿ ಕೆಲವರಿಗೆ ಇಂಥ ಕಾರಿನ ಕನಸು ಬೀಳೋಕೆ ಶುರುವಾಗಿದೆ, ತಪ್ಪೇನಿಲ್ಲ. ಆದರೆ ಜಾಹೀರಾತು ಓದುವಾಗ ಅದರಲ್ಲಿ ಇಲ್ಲದ ಹೆಸರನ್ನ ಹುಡುಕಿ. ಓನರ್ ಯಾರು ಅಂತ ಇರುತ್ತೆ, ರಿಪೇರಿ ಮಾಡಿದ್ದು ಯಾರು ಅಂತ ಇರಲ್ಲ. ಮಾರುವವರನ್ನ ಎರಡೇ ಕೇಳಿ: ವರ್ಷವರ್ಷದ ರಿಪೇರಿ ಬಿಲ್ಲು, ಮೇಸ್ತ್ರಿಯ ಫೋನ್ ನಂಬರು. ಎರಡೂ ಇಲ್ಲ ಅಂದರೆ, ಆ ಹಿಂದಿನ ಬ್ರೇಕು ಇಳಿಸೋ ಖರ್ಚನ್ನ ಮೊದಲು ಕಳೆದು, ಆಮೇಲೆ ರೇಟ್ ಮಾತಾಡಿ.