ವೈದ್ಯಕೀಯ ಲೇಖನಸೂಚಿಗಳಲ್ಲಿ ಕಾಲಮಿತಿ: ಪಾವಗಡ ಸೀಮೆಯ ಫ್ಲೋರೋಸಿಸ್ ಅಧ್ಯಯನವನ್ನು ಕುರಿತು ಒಂದು ವಿಮರ್ಶೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶವು ಹಲವೆಡೆ ಮಿತಿಯನ್ನು ಮೀರಿರುವುದೂ, ಅದರಿಂದ ಹಲ್ಲು ಮೂಳೆಗಳಿಗೆ ತಗಲುವ ಫ್ಲೋರೋಸಿಸ್ ವ್ಯಾಧಿಯು ವಿಶೇಷವಾಗಿ ಪಾವಗಡದ ಹಳ್ಳಿಗಳಲ್ಲಿ ಕಂಡುಬರುವುದೂ ಈ ಪ್ರಾಂತದ ಅಧ್ಯಾಪಕರಿಗೆ ತಿಳಿಯದ ವಿಷಯವಲ್ಲ. ಲೀಟರೊಂದಕ್ಕೆ 1 ಮಿಲಿಗ್ರಾಂ ಮೀರದಿರುವುದು ಲೇಸು, ಬೇರೆ ನೀರಿಲ್ಲದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕದ ಕಟ್ಟಳೆ. ಈ ವಿಷಯವನ್ನು ಕುರಿತು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಬರೆದ ನಿಬಂಧದ ಕರಡು ಈಚೆಗೆ ನನ್ನ ಪರಿಶೀಲನೆಗೆ ಬಂದಿತು. ವಿಷಯವು ವೈದ್ಯಕ್ಕೆ ಸೇರಿದ್ದಾದರೂ ಮೊದಲನೆಯ ಅಧ್ಯಾಯವು ರೋಗದ ಪೂರ್ವೇತಿಹಾಸವಾದುದರಿಂದ ಚರಿತ್ರೆಯ ಅಧ್ಯಾಪಕನಿಗೂ ಅದರಲ್ಲಿ ಸ್ವಲ್ಪ ಕೆಲಸವಿತ್ತು. ಕ್ಷೇತ್ರಕಾರ್ಯವು ಶ್ರದ್ಧೆಯಿಂದ ನಡೆದಿದೆ. ನೀರಿನ ಮಾದರಿಗಳನ್ನು ಜಾಗರೂಕತೆಯಿಂದ ಸಂಗ್ರಹಿಸಿದ್ದಾರೆ. ಆದರೆ ಪೂರ್ವೇತಿಹಾಸದ ಅಧ್ಯಾಯವು ಒಂದು ವಾಕ್ಯದಲ್ಲಿ ಮುಗಿಯುತ್ತದೆ: ಈ ವ್ಯಾಧಿಯು ಕೊಳವೆಬಾವಿಗಳು ಆಳಕ್ಕಿಳಿದ ಮೇಲೆ, ಕಳೆದ ಹತ್ತು ವರ್ಷಗಳಲ್ಲಿ, ತಲೆದೋರಿದ್ದು.

ಈ ತೀರ್ಮಾನಕ್ಕೆ ಆಧಾರವೇನೆಂದು ಹುಡುಕಿದಾಗ ದೊರೆತದ್ದು ಇಷ್ಟು. ನಿಬಂಧಕಾರರು ಪಬ್‌ಮೆಡ್ ಎಂಬ ಲೇಖನಸೂಚಿಯಲ್ಲಿ ಫ್ಲೋರೋಸಿಸ್, ಪಾವಗಡ, ತುಮಕೂರು ಎಂಬ ಪದಗಳನ್ನಿಟ್ಟು ಶೋಧಿಸಿದ್ದಾರೆ. ಆ ಸೂಚಿಯ ಪುಟದ ಎಡಬದಿಯಲ್ಲಿ ಒಂದು ವರ್ಷ, ಐದು ವರ್ಷ, ಹತ್ತು ವರ್ಷ ಎಂದು ಮೂರು ಸಿದ್ಧ ಆಯ್ಕೆಗಳಿವೆ. ನಮಗೆ ಬೇಕಾದ ಅವಧಿಯನ್ನು ನಾವೇ ಬರೆಯಲು ನಾಲ್ಕನೆಯದೊಂದು ಉಂಟು. ನಿಬಂಧಕಾರರು ಹತ್ತು ವರ್ಷವನ್ನು ಆರಿಸಿಕೊಂಡರು. ದೊರೆತ ಲೇಖನಗಳಲ್ಲಿ ಅತ್ಯಂತ ಹಳೆಯದು ಸಹಜವಾಗಿಯೇ ಆ ಅವಧಿಯ ಒಳಗಿನದು. ಅದನ್ನು ಕಂಡು, ರೋಗದ ವರದಿಯು ಅಲ್ಲಿಂದ ಮೊದಲಾಯಿತೆಂದು ಬಗೆದರು. ತಾವೇ ಕಟ್ಟಿದ ಬೇಲಿಯನ್ನು ಊರಿನ ಎಲ್ಲೆಯೆಂದು ಎಣಿಸಿದಂತಾಯಿತು. ಈ ದೋಷವು ಈ ಒಂದು ಕರಡಿನದು ಮಾತ್ರವಾಗಿದ್ದರೆ ಇದನ್ನು ಇಲ್ಲಿ ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ‘ಕಳೆದ ಹತ್ತು ವರ್ಷಗಳ ಸಾಹಿತ್ಯವನ್ನು ಸಮೀಕ್ಷಿಸಲಾಗಿದೆ’ ಎಂಬ ವಾಕ್ಯವು ನಮ್ಮ ನಿಬಂಧಗಳಲ್ಲಿ ಮಂಗಳಶ್ಲೋಕದ ಸ್ಥಾನವನ್ನು ಪಡೆದಿದೆ. ಹತ್ತೇ ಏಕೆ ಎಂದು ಯಾರೂ ಕೇಳುವುದಿಲ್ಲ.

ನಾವು ವಿಧಿಸುವ ಮಿತಿಯಲ್ಲದೆ ಸೂಚಿಗೆ ತನ್ನದೇ ಆದ ಮಿತಿಯೂ ಉಂಟು. ಪಬ್‌ಮೆಡ್ಡಿನ ಮೂಲವು 1879ರಲ್ಲಿ ಜಾನ್ ಷಾ ಬಿಲ್ಲಿಂಗ್ಸ್ ಆರಂಭಿಸಿದ ‘ಇಂಡೆಕ್ಸ್ ಮೆಡಿಕಸ್’ ಎಂಬ ಮುದ್ರಿತ ಸೂಚಿ. ಗಣಕಯಂತ್ರದ ಕಾಲ ಬಂದಾಗ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಅದನ್ನು ಯಂತ್ರಕ್ಕೆ ಅಳವಡಿಸಿತು. 1997ರಲ್ಲಿ ಪಬ್‌ಮೆಡ್ ಸರ್ವರಿಗೂ ಉಚಿತವಾಯಿತು. ಆದರೆ ಬಹುಕಾಲದವರೆಗೆ ಯಂತ್ರದ ಸೂಚಿಯು 1966ರಿಂದ ಈಚಿನದನ್ನು ಮಾತ್ರ ಒಳಗೊಂಡಿತ್ತು. ಇದರ ಫಲವು ಒಮ್ಮೆ ದಾರುಣವಾಗಿ ಕಾಣಿಸಿಕೊಂಡಿತು. 2001ನೆಯ ಇಸವಿಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಉಬ್ಬಸ ಸಂಬಂಧವಾದ ಪ್ರಯೋಗವೊಂದರಲ್ಲಿ ಎಲೆನ್ ರೋಷ್ ಎಂಬ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿಯು ಹೆಕ್ಸಮೆಥೋನಿಯಂ ಎಂಬ ಔಷಧವನ್ನು ಉಸಿರಿನ ಮೂಲಕ ಸೇವಿಸಿ, ಶ್ವಾಸಕೋಶ ಕೆಟ್ಟು, ಜೂನ್ 2ರಂದು ತೀರಿಕೊಂಡಳು. ಪ್ರಯೋಗಕ್ಕೆ ಮುಂಚೆ ಸಂಶೋಧಕರು ಪಬ್‌ಮೆಡ್ಡನ್ನು ನೋಡಿದ್ದರು. ಆದರೆ ಆ ಔಷಧದಿಂದ ಶ್ವಾಸಕೋಶಕ್ಕೆ ಒದಗುವ ಹಾನಿಯನ್ನು ತಿಳಿಸುವ ಲೇಖನಗಳು 1950ರ ದಶಕದವು. ಅವು ಮುದ್ರಿತ ಸಂಪುಟಗಳಲ್ಲಿದ್ದುವು, ಯಂತ್ರದಲ್ಲಿರಲಿಲ್ಲ. ಅನಂತರ ಈ ಸೂಚಿಯನ್ನು 1946ರವರೆಗೆ ಹಿಂದಕ್ಕೆ ವಿಸ್ತರಿಸಿದ್ದಾರೆ. ಅದರ ಆಚೆಗಿನದು ಅಲ್ಲೊಂದು ಇಲ್ಲೊಂದು ಮಾತ್ರ ದೊರೆಯುತ್ತದೆ.

ನಮ್ಮ ವಿಷಯಕ್ಕೆ ಈ 1946 ಎಂಬ ವರ್ಷವು ಮುಖ್ಯವಾದುದು. ಭಾರತದಲ್ಲಿ ಫ್ಲೋರೋಸಿಸ್ ಒಂದು ಪ್ರಾಂತದ ಜನರನ್ನೇ ಹಿಡಿದಿರುವ ವ್ಯಾಧಿಯೆಂದು ಗುರುತಿಸಿದ್ದು 1937ರಲ್ಲಿ. ಆ ವರ್ಷ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಪತ್ರಿಕೆಯಲ್ಲಿ ಷಾರ್ಟ್, ಮ್ಯಾಕ್‌ರಾಬರ್ಟ್, ಬರ್ನಾರ್ಡ್ ಮತ್ತು ನಾಯರ್ ಇವರು ಮದರಾಸು ಪ್ರಾಂತದ ಫ್ಲೋರೋಸಿಸನ್ನು ಕುರಿತು ಬರೆದರು. ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಷಾರ್ಟ್, ಪಂಡಿತ್ ಮತ್ತು ರಾಘವಾಚಾರಿ ನೆಲ್ಲೂರು ಜಿಲ್ಲೆಯನ್ನು ಕುರಿತು ಬರೆದರು. ನೆಲ್ಲೂರಿನ ಸಾಕ್ಷ್ಯವು ಪಾವಗಡಕ್ಕೆ ಸಾಕ್ಷ್ಯವಾಗದು. ಪಾವಗಡದಲ್ಲಿ 1937ರಲ್ಲಿಯೂ ಈ ರೋಗವಿತ್ತೆಂದು ಇವುಗಳಿಂದ ಸಿದ್ಧವಾಗುವುದಿಲ್ಲ. ಸಿದ್ಧವಾಗುವುದು ಬೇರೊಂದು. ಆಳದ ಕೊಳವೆಬಾವಿಗಳು ಹಳ್ಳಿಗಳಿಗೆ ಬರುವುದಕ್ಕೆ ಮೊದಲೇ, ಜನರು ತೆರೆದ ಬಾವಿಯ ನೀರನ್ನು ಸೇದಿ ಕುಡಿಯುತ್ತಿದ್ದ ಕಾಲದಲ್ಲೇ, ದಕ್ಷಿಣದ ಒಣಸೀಮೆಯಲ್ಲಿ ಈ ವ್ಯಾಧಿಯು ಮೂಳೆಗಳನ್ನು ಬಾಗಿಸುವಷ್ಟು ಬಲಿತಿತ್ತು. ಹಾಗಿರುವಲ್ಲಿ ಪಾವಗಡದ ರೋಗಕ್ಕೆಲ್ಲ ಕೊಳವೆಬಾವಿಯ ಆಳವೇ ಕಾರಣವೆಂದು ಹೇಳಬೇಕಾದರೆ, ಹಳೆಯ ತೆರೆದ ಬಾವಿಗಳ ನೀರು ನಿರ್ದೋಷವಾಗಿತ್ತೆಂದು ಮೊದಲು ತೋರಿಸಬೇಕಾಗುತ್ತದೆ. ನಿಬಂಧಕಾರರು ಕೊನೆಯಲ್ಲಿ ತೆರೆದ ಬಾವಿಗಳನ್ನು ಜೀರ್ಣೋದ್ಧಾರ ಮಾಡಿ ಕುಡಿಯುವ ನೀರಿಗೆ ಬಳಸಬೇಕೆಂದು ಸಲಹೆಯಿತ್ತಿದ್ದಾರೆ. ಹತ್ತು ವರ್ಷದ ಗುಂಡಿಯನ್ನು ಒತ್ತಿದ್ದರ ಪರಿಣಾಮವು ಹೀಗೆ ಮಕ್ಕಳು ಕುಡಿಯುವ ನೀರಿನವರೆಗೂ ಹೋಗಿ ಮುಟ್ಟುತ್ತದೆ.

ಮೇಲೆ ಹೇಳಿದ ಗೆಜೆಟ್ ಪತ್ರಿಕೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. 1866ರಿಂದ 1955ರವರೆಗೆ ನಡೆದ ಈ ಪತ್ರಿಕೆಯ ಹಳೆಯ ಸಂಪುಟಗಳ ಪ್ರತಿಬಿಂಬಗಳು ಪಬ್‌ಮೆಡ್ ಸೆಂಟ್ರಲ್ ಎಂಬ ಭಂಡಾರವನ್ನು ಸೇರಿದ್ದು ಈ ಶತಮಾನದಲ್ಲಿ. ಎಂದರೆ ಲೇಖನವು ಪ್ರಕಟವಾದ ಕಾಲ ಒಂದು, ಸೂಚಿಯನ್ನು ಸೇರಿದ ಕಾಲ ಮತ್ತೊಂದು. ಒಮ್ಮೆ ಶೋಧ ನಡೆಸಿ, ಕೆಲವು ವರ್ಷಗಳ ಅನಂತರ ಹೊಸದಾಗಿ ಸೇರಿದ್ದನ್ನು ಮಾತ್ರ ನೋಡಬಯಸುವವರು ಪ್ರಕಟಣೆಯ ವರ್ಷದಿಂದ ಮಿತಿಗೊಳಿಸಿದರೆ ಇಂಥ ಲೇಖನಗಳು ಎಂದಿಗೂ ಕೈಗೆ ಸಿಕ್ಕವು. ‘ಪ್ರವೇಶದ ದಿನಾಂಕ’ವನ್ನು ಬಳಸಿದರೂ ಸಾಲದು, ಪ್ರಕಟವಾಗಿ ಒಂದು ವರ್ಷ ಕಳೆದ ಮೇಲೆ ಸೇರಿದ ಲೇಖನಕ್ಕೆ ಪಬ್‌ಮೆಡ್ ಪ್ರಕಟಣೆಯ ದಿನಾಂಕವನ್ನೇ ಪ್ರವೇಶದ ದಿನಾಂಕವೆಂದು ಕೊಡುತ್ತದೆ. ದಾಖಲೆಯು ನಿಜವಾಗಿ ಹುಟ್ಟಿದ ದಿನವನ್ನು ತಿಳಿಸುವ ಅಂಕಣವು ಬೇರೆ ಇದೆ, ನೋಡಬೇಕಾದದ್ದು ಅದನ್ನು. ಶಾಸನವನ್ನು ಕೊರೆದ ಕಾಲವನ್ನೂ ಅದು ಅಚ್ಚಾದ ಕಾಲವನ್ನೂ ಒಂದೆನ್ನುವ ಚರಿತ್ರೆಯ ವಿದ್ಯಾರ್ಥಿಯನ್ನು ನಾವು ಉತ್ತೀರ್ಣಗೊಳಿಸುವುದಿಲ್ಲ. ತುಮಕೂರು ಜಿಲ್ಲೆಯ ಶಾಸನಗಳ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟವು ಅಚ್ಚಾದದ್ದು 1904ರಲ್ಲಿ. ಹತ್ತು ವರ್ಷದ ನಿಯಮವನ್ನು ನಮ್ಮ ವಿಭಾಗದಲ್ಲಿ ಜಾರಿಗೆ ತಂದರೆ ಮೊದಲು ಹೊರಗೆ ಬೀಳುವುದು ಅದೇ.

ಊರ ಹೆಸರುಗಳೂ ಮರೆಯಲ್ಲಿದ್ದುಕೊಂಡು ಕಾಲಮಿತಿಯ ಕೆಲಸ ಮಾಡುತ್ತವೆ. ಇಂಗ್ಲಿಷಿನಲ್ಲಿ ‘ತುಮ್ಕೂರ್’ ಎಂದಿದ್ದುದು ‘ತುಮಕೂರು’ ಎಂದಾದದ್ದು 2014ರ ನವೆಂಬರಿನಲ್ಲಿ. ಹೊಸ ಕಾಗುಣಿತವೊಂದರಿಂದಲೇ ಹುಡುಕುವವರು ತಮಗೆ ತಿಳಿಯದಂತೆಯೇ 2014ಕ್ಕೆ ಹಿಂದಿನದನ್ನು ಬಹುಮಟ್ಟಿಗೆ ಕೈಬಿಡುತ್ತಾರೆ. ಮಧುಗಿರಿಯು ಹಿಂದೆ ಮದ್ದಗಿರಿ. ಶಿರಾ ಸೀರಾ ಎಂದೂ ಉಂಟು. ರಾಜ್ಯವು 1973ರವರೆಗೆ ಮೈಸೂರು. ಪಾವಗಡವನ್ನು ಬಹುಪಾಲು ಸುತ್ತುವರಿದಿರುವುದು ಆಂಧ್ರದ ನೆಲ. ನೆರೆಯ ಮಡಕಶಿರದ ನೀರನ್ನು ಕುರಿತ ಹಳೆಯ ಬರಹವನ್ನು ಅನಂತಪುರ ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು, 2022ರಿಂದ ಈಚಿನದನ್ನು ಶ್ರೀ ಸತ್ಯಸಾಯಿ ಜಿಲ್ಲೆಯ ಹೆಸರಿನಲ್ಲಿ. ಶಿರಾದ ಕಾಗುಣಿತದಲ್ಲಿ ನಾನೂ ಒಮ್ಮೆ ಹೀಗೆಯೇ ಎಡವಿದ್ದೇನೆ. ಆದುದರಿಂದ ಇದನ್ನು ದೊಡ್ಡ ಅಪರಾಧವೆಂದು ಹೇಳಲಾರೆ.

ಕಾಲಮಿತಿಯೇ ಕೂಡದೆಂಬುದು ನನ್ನ ವಾದವಲ್ಲ. ಹೊಸ ಔಷಧವೊಂದನ್ನು ಕುರಿತ ಶೋಧವನ್ನು ಅದು ಬಳಕೆಗೆ ಬಂದ ವರ್ಷದಿಂದ ಆರಂಭಿಸುವುದು ಯುಕ್ತವೇ ಸರಿ. ವೈದ್ಯಕೀಯ ಸಮೀಕ್ಷೆಗಳಿಗೆ ಪ್ರಮಾಣವೆನಿಸಿದ ಕಾಕ್ರೇನ್ ಕೈಪಿಡಿಯೂ, ಸಂಬಂಧಪಟ್ಟ ಅಧ್ಯಯನಗಳು ಇಂಥ ಅವಧಿಯಲ್ಲಿ ಮಾತ್ರ ಪ್ರಕಟವಾಗಿರಲು ಸಾಧ್ಯವೆಂದು ತಿಳಿದಿದ್ದಾಗ ಮಿತಿಯನ್ನು ಒಪ್ಪುತ್ತದೆ. ಮಿತಿಯು ವಿಷಯದ ಸ್ವಭಾವದಿಂದ ಹುಟ್ಟಬೇಕು. ಫ್ಲೋರೋಸಿಸಿನ ಸ್ವಭಾವವಾದರೋ ದೀರ್ಘಕಾಲದ್ದು. ಹಲ್ಲಿನ ಹೊರಪದರವು ಗಟ್ಟಿಯಾಗುವುದು ಬಾಲ್ಯದ ಮೊದಲ ಏಳೆಂಟು ವರ್ಷಗಳಲ್ಲಿ; ಕಲೆ ಬೀಳುವುದೂ ಆಗಲೇ. ಇಂದು 40 ವರ್ಷದವರ ಮುಂಭಾಗದ ಹಲ್ಲಿನ ಕಂದುಕಲೆಯು ಅವರು ಮೂವತ್ತೈದು ವರ್ಷದ ಹಿಂದೆ ಕುಡಿದ ನೀರಿನ ಕುರುಹು. ಇಂದಿನ ಕೊಳವೆಬಾವಿಯ ನೀರಿಗೂ ಅದಕ್ಕೂ ಸಂಬಂಧವಿಲ್ಲ. ಮೂಳೆಯ ವಿಕಾರವು ಹಲವು ವರ್ಷಗಳ, ಅನೇಕವೇಳೆ ದಶಕಗಳ ಸೇವನೆಯಿಂದ ಬರುವಂಥದು. ನಿಬಂಧಕಾರರು ವಯಸ್ಕರ ಹಲ್ಲುಗಳನ್ನು ಎಣಿಸಿ ಈ ವರ್ಷದ ನೀರಿನ ಅಳತೆಗೆ ಹೋಲಿಸಿದ್ದಾರೆ. ಎರಡರ ನಡುವಣ ಕಾಲವನ್ನು ತುಂಬಬಹುದಾಗಿದ್ದ ಬರಹಗಳನ್ನು ಶೋಧದ ಮೊದಲ ಹೆಜ್ಜೆಯಲ್ಲೇ ಹೊರಗಿಟ್ಟಿದ್ದಾರೆ. ಪಂಜಾಬಿನ ರೋಗಿಗಳನ್ನು ಕುರಿತು ಅಮರ್ ಸಿಂಗ್, ಜಾಲಿ ಮೊದಲಾದವರು 1963ರಲ್ಲಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನವಾಗಲಿ, ಮೊಳಕಾಲುಗಳು ಒಳಕ್ಕೆ ಬಾಗುವ ವಿಕಾರವನ್ನು ಕುರಿತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದದ್ದಾಗಲಿ ಕರಡಿನಲ್ಲಿ ಕಾಣವು. ಈ ಎರಡೂ 1946ರ ಈಚಿನವು. ಮಿತಿಯನ್ನು ತೆಗೆದಿದ್ದರೆ ಕುಳಿತಲ್ಲಿಯೇ ದೊರೆಯುತ್ತಿದ್ದುವು.

ಕರಡನ್ನು ಹಿಂದಿರುಗಿಸುವಾಗ ನಾನು ಬರೆದ ಸೂಚನೆಗಳು ಹೆಚ್ಚಿನವಲ್ಲ. ಮೊದಲು ಯಾವ ಮಿತಿಯೂ ಇಲ್ಲದೆ, ಎಲ್ಲ ಹಳೆಯ ಹೊಸ ಹೆಸರುಗಳಿಂದಲೂ ಶೋಧಿಸಿ, ಶೋಧಿಸಿದ ದಿನವನ್ನು ಬರೆದಿಡತಕ್ಕದ್ದು. ಮಿತಿಯನ್ನು ವಿಧಿಸಿದಲ್ಲಿ ಕಾರಣವನ್ನೂ, ಅದರಿಂದ ಬಿಟ್ಟುಹೋದ ಲೇಖನಗಳ ಸಂಖ್ಯೆಯನ್ನೂ ಕೊಡತಕ್ಕದ್ದು. 1946ಕ್ಕೆ ಹಿಂದಿನದಕ್ಕಾಗಿ ಮುದ್ರಿತ ಸೂಚಿಯನ್ನು ಕೈಯಿಂದಲೇ ತಿರುವಿಹಾಕತಕ್ಕದ್ದು. ಹಳ್ಳಿಗಳಲ್ಲಿ ಈಚೆಗೆ ನಿಂತಿರುವ ಶುದ್ಧ ನೀರಿನ ಘಟಕಗಳನ್ನು ಕುರಿತ ಐದನೆಯ ಅಧ್ಯಾಯಕ್ಕೆ ಮಾತ್ರ ಅವರ ಹತ್ತು ವರ್ಷದ ಮಿತಿಯನ್ನು ಸ್ವಲ್ಪ ಹಿಂದುಮುಂದಾಗಿ ಹಾಗೆಯೇ ಉಳಿಸಿಕೊಳ್ಳಬಹುದೆಂದು ತಿಳಿಸಿದ್ದೇನೆ. ತೆರೆದ ಬಾವಿಗಳ ಸಲಹೆಯನ್ನು, ಆ ಬಾವಿಗಳ ನೀರನ್ನು ಪರೀಕ್ಷಿಸುವವರೆಗೆ, ತಡೆಹಿಡಿಯಬೇಕೆಂದು ಕೇಳಿಕೊಂಡಿದ್ದೇನೆ.