ಬಲಗಣ್ಣು ಹೇಳಿದ ಸುಳಿವು

ಪಾರ್ಶ್ವವಾಯು ಚಿಕಿತ್ಸೆಯ ಮಾತೆತ್ತಿದರೆ ಈಗ ಸ್ಕ್ಯಾನ್, ಕ್ಯಾತಿಟರ್, ಹೆಪ್ಪು ಕರಗಿಸುವ ಇಂಜೆಕ್ಷನ್‌ಗಳೇ ಮೊದಲು ಬರುತ್ತವೆ. ಬರಬೇಕಾದದ್ದೇ. ಲಕ್ವ ಹೊಡೆದರೆ ಹಣೆಬರಹವೆಂದು ಕೈಚೆಲ್ಲುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಆದರೂ ಪಾರ್ಶ್ವವಾಯು ತಜ್ಞರ ಕಸುಬಿನ ಜೀವಾಳ ರೋಗಿಯ ಹಾಸಿಗೆ ಪಕ್ಕದಲ್ಲೇ ಇದೆ, ಯಂತ್ರಕ್ಕೆ ಹಾಕಬೇಕಾದ ಪ್ರಶ್ನೆ ಹುಟ್ಟುವುದು ಅಲ್ಲೇ ಎಂದು ನಾನು ನಂಬುತ್ತೇನೆ. ಆ ನಂಬಿಕೆಗೆ ಆಧಾರವಾಗಿ ನರರೋಗ ತಜ್ಞ ಸಿ. ಮಿಲ್ಲರ್ ಫಿಶರ್ ಅವರ ವೃತ್ತಿಬದುಕನ್ನು ಮುಂದಿಡುತ್ತೇನೆ.

ಫಿಶರ್ ಹುಟ್ಟಿದ್ದು 1913ರಲ್ಲಿ, ಕೆನಡಾದ ವಾಟರ್‌ಲೂನಲ್ಲಿ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ವೈದ್ಯರಾಗಿದ್ದಾಗ, 1941ರಲ್ಲಿ ಅವರಿದ್ದ ಹಡಗು ಮುಳುಗಿ, ಜರ್ಮನರ ಸೆರೆಯಲ್ಲಿ ವರ್ಷಗಟ್ಟಲೆ ಕಳೆದರು. ಯುದ್ಧದ ನಂತರ ಮಾಂಟ್ರಿಯಲ್‌ನಲ್ಲಿ ನರರೋಗಶಾಸ್ತ್ರ ಕಲಿತು, ಬಾಸ್ಟನ್‌ನಲ್ಲಿ ರೇಮಂಡ್ ಆಡಮ್ಸ್ ಅವರ ಬಳಿ ಸತ್ತವರ ಮಿದುಳನ್ನು ಸೂಕ್ಷ್ಮವಾಗಿ ಪರೀಕ್ಷಿಸುವ ವಿದ್ಯೆಯಲ್ಲಿ ಪಳಗಿದರು. ಬದುಕಿದ್ದಾಗ ರೋಗಿ ಹೇಳಿದ್ದನ್ನೂ ಸತ್ತ ಮೇಲೆ ಅವನ ಮಿದುಳು ತೋರಿಸಿದ್ದನ್ನೂ ಒಬ್ಬರೇ ಎದುರುಬದುರು ಇಟ್ಟು ನೋಡುವುದು ಆಗ ಅಪರೂಪ. ಫಿಶರ್ ಜೀವನವಿಡೀ ಮಾಡಿದ್ದು ಅದನ್ನೇ. ಎಡಗೈ ಎಡಗಾಲು ಬಿದ್ದುಹೋದ ಕೆಲವರು, ಅದಕ್ಕೂ ಮುಂಚೆ ಬಲಗಣ್ಣು ಕೆಲವು ನಿಮಿಷ ಕತ್ತಲಾಗಿ ಮತ್ತೆ ತಿಳಿಯಾದದ್ದನ್ನು ಹೇಳುತ್ತಿದ್ದರು. ಎಡಮೈ ಬಿದ್ದರೆ ಪೆಟ್ಟು ಮಿದುಳಿನ ಬಲಭಾಗಕ್ಕೆ. ಆದರೆ ಮಿದುಳಿನ ಆ ಭಾಗ ಕೆಟ್ಟರೆ ಎರಡೂ ಕಣ್ಣುಗಳ ಎಡಬದಿಯ ನೋಟ ಹೋಗಬೇಕು. ಬಲಗಣ್ಣೊಂದೇ ಪೂರ್ತಿ ಮಂಕಾಗುವಂತಿಲ್ಲ. ಹಾಗಾದರೆ ಬಲಗಣ್ಣಿಗೂ ಬಲಮಿದುಳಿಗೂ ರಕ್ತ ಒಯ್ಯುವ ದಾರಿಗಳು ಕೂಡುವುದೆಲ್ಲಿ? ಕತ್ತಿನಿಂದ ಮೇಲೇರುವ ಒಳ ಕೆರಾಟಿಡ್ ಧಮನಿಯಲ್ಲಿ. ಕಣ್ಣಿನ ಧಮನಿ ಕವಲೊಡೆಯುವುದು ಅದರಿಂದಲೇ. ಆ ಕಾಲದ ಶವಪರೀಕ್ಷೆಯಲ್ಲಿ ತಲೆಬುರುಡೆ ತೆರೆಯುತ್ತಿದ್ದರು, ಎದೆ ಹೊಟ್ಟೆ ನೋಡುತ್ತಿದ್ದರು. ನಡುವಿನ ಕತ್ತನ್ನು ಬಿಚ್ಚುವ ರೂಢಿ ಇರಲಿಲ್ಲ. ಫಿಶರ್ ಬಿಚ್ಚಿದರು. ಕೊಬ್ಬುಗಟ್ಟಿ ಮುಚ್ಚಿಹೋಗಿದ್ದ ಧಮನಿಗಳು ಅಲ್ಲಿ ಸಿಕ್ಕವು. 1951ರಲ್ಲಿ ಪ್ರಬಂಧ ಹೊರಬಂತು. (ರ‍್ಯಾಮ್ಸೆ ಹಂಟ್ ಎಂಬ ನರರೋಗ ತಜ್ಞರು 1914ರಲ್ಲೇ ಕತ್ತಿನತ್ತ ಬೆರಳು ಮಾಡಿದ್ದರು ಎಂಬುದನ್ನು ಮರೆಯಬಾರದು. ಆದರೆ ಆ ಮಾತು ಪರೀಕ್ಷೆಯ ರೂಢಿಯಾಗಲಿಲ್ಲ.) ಬಂದು ಹೋಗುವ ಕುರುಡು, ಕೆಲ ನಿಮಿಷದ ತೊದಲು, ಮರಗಟ್ಟಿದ ಬೆರಳು ದೊಡ್ಡ ಪೆಟ್ಟಿನ ಮುನ್ನೆಚ್ಚರಿಕೆ ಎಂಬ ತಿಳಿವು ಬೇರೂರಿದ್ದು ಇಲ್ಲಿಂದ. ಅದರ ಬೆಲೆ ಎಷ್ಟೆಂದು 1991ರಲ್ಲಿ ಉತ್ತರ ಅಮೆರಿಕದ ದೊಡ್ಡ ಪ್ರಯೋಗವೊಂದು ಅಳೆಯಿತು. ಮುನ್ನೆಚ್ಚರಿಕೆ ಕಂಡು, ಧಮನಿ ತೀರಾ ಕಿರಿದಾಗಿದ್ದವರಲ್ಲಿ ಎರಡು ವರ್ಷದೊಳಗೆ ಅದೇ ಬದಿಯ ಪಾರ್ಶ್ವವಾಯುವಿನ ಅಪಾಯ ಬರೀ ಔಷಧಿಯಲ್ಲಿ ಶೇ. 26, ಧಮನಿಯ ಶಸ್ತ್ರಚಿಕಿತ್ಸೆಯಾದಾಗ ಶೇ. 9.

ಇಲ್ಲಿ ಗಟ್ಟಿ ಆಕ್ಷೇಪವೊಂದಿದೆ. ಬೆರಳೆಣಿಕೆಯ ರೋಗಿಗಳನ್ನು ನೋಡಿ ಕಟ್ಟಿದ ಊಹೆ ಎಷ್ಟೇ ಚೆಂದವಾಗಿರಲಿ, ಅದು ತಪ್ಪಬಹುದು. ತಪ್ಪಿದೆ ಕೂಡ. ಮುಚ್ಚಿದ ಕೆರಾಟಿಡ್ ಅನ್ನು ಬಳಸಿಕೊಂಡು ಹೋಗುವಂತೆ ಹೊರಗಿನ ಧಮನಿಯನ್ನು ಒಳಗಿನದಕ್ಕೆ ಜೋಡಿಸುವ ದಿನ ಬಂದೀತೆಂದು ಫಿಶರ್ ಅದೇ ಪ್ರಬಂಧದಲ್ಲಿ ಕನಸು ಕಂಡಿದ್ದರು. ಆ ಬೈಪಾಸ್ ಬಂತು, ಹಲವರಿಗೆ ಆಯಿತು. 1985ರಲ್ಲಿ 1,377 ರೋಗಿಗಳ ಪ್ರಯೋಗದ ಫಲಿತಾಂಶ ಬಂದಾಗ ಅದರಿಂದ ಪಾರ್ಶ್ವವಾಯು ತಪ್ಪುವುದಿಲ್ಲ ಎಂದು ಗೊತ್ತಾಯಿತು. ಇದನ್ನು ಮುಚ್ಚಿಡುವುದು ಫಿಶರ್‌ಗೆ ಮಾಡುವ ಗೌರವವಲ್ಲ. ಯಾವ ಉತ್ತರ ಸರಿ ಎಂದು ತೀರ್ಮಾನಿಸುವುದು ಪ್ರಯೋಗದ ಕೆಲಸ, ಅದನ್ನು ಒಬ್ಬನ ಕಣ್ಣಿಗೆ ಬಿಡಲಾಗದು. ಆದರೆ ಕತ್ತಿನ ಧಮನಿಯ ಬಗ್ಗೆ ಪ್ರಯೋಗ ನಡೆಸಬೇಕೆಂದು ಹೊಳೆಯಲು, ಬಲಗಣ್ಣಿನ ಕತೆಯನ್ನು ಯಾರೋ ಒಬ್ಬರು ಪೂರ್ತಿ ಕೇಳಿಸಿಕೊಳ್ಳಬೇಕಿತ್ತು.

ಇನ್ನೊಂದು ಆಕ್ಷೇಪ ಹೊತ್ತಿನದು. ದೊಡ್ಡ ಧಮನಿ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವಿದೆ. ಇಂಥದ್ದರಲ್ಲಿ ಕೂತು ಕತೆ ಕೇಳಲು ಪುರುಸೊತ್ತೆಲ್ಲಿ, ನೇರ ಸ್ಕ್ಯಾನ್‌ಗೆ ಒಯ್ಯಬಾರದೇ ಎನ್ನುತ್ತಾರೆ. ಒಯ್ಯಬೇಕು, ಓಡಿಕೊಂಡೇ ಒಯ್ಯಬೇಕು. ಆದರೆ ರೋಗಿ ಕೊನೆಯ ಬಾರಿಗೆ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಮನೆಯವರೇ ಹೇಳಬೇಕು. ಇಂಜೆಕ್ಷನ್ ಕೊಡಬಹುದೋ ಬಾರದೋ ಎಂಬುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಅದಕ್ಕಿಂತ ದೊಡ್ಡ ಸಾಕ್ಷಿ 2018ರಲ್ಲಿ ಅಚ್ಚಾದ ಡಾನ್ ಪ್ರಯೋಗ. ಆರು ಗಂಟೆ ದಾಟಿ 24 ಗಂಟೆಯೊಳಗಿದ್ದ 206 ರೋಗಿಗಳು. ಹೆಪ್ಪನ್ನು ಕ್ಯಾತಿಟರ್‌ನಿಂದ ಎಳೆದು ತೆಗೆದ ಗುಂಪಿನಲ್ಲಿ ಶೇ. 49 ಮಂದಿ ಮೂರು ತಿಂಗಳ ಹೊತ್ತಿಗೆ ಸ್ವತಂತ್ರವಾಗಿ ಬದುಕುವಂತಾದರು, ಉಳಿದ ಗುಂಪಿನಲ್ಲಿ ಶೇ. 13. ಇವರನ್ನು ಆರಿಸಿದ್ದು ಹೇಗೆ? ಸ್ಕ್ಯಾನ್‌ನಲ್ಲಿ ಸತ್ತ ಭಾಗ ಚಿಕ್ಕದಾಗಿ ಕಂಡು, ಹಾಸಿಗೆ ಪಕ್ಕದ ಪರೀಕ್ಷೆಯಲ್ಲಿ ನ್ಯೂನತೆ ದೊಡ್ಡದಾಗಿ ಕಂಡರೆ, ನಡುವೆ ಉಳಿಸಬಹುದಾದ ಮಿದುಳು ಇದೆ ಎಂದು. ಈ ಕಳೆಯುವ ಲೆಕ್ಕದಲ್ಲಿ ಒಂದು ಸಂಖ್ಯೆ ಯಂತ್ರದ್ದು, ಇನ್ನೊಂದು ವೈದ್ಯರ ಕಣ್ಣು ಕೈಯದು.

ಫಿಶರ್ ಯಂತ್ರದ ವಿರೋಧಿಯೂ ಆಗಿರಲಿಲ್ಲ. 1954ರಿಂದ ಅವರ ಕರ್ಮಭೂಮಿಯಾಗಿದ್ದು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ. ಸಿ.ಟಿ. ಸ್ಕ್ಯಾನ್ ಬಂದ ಮೇಲೆ, ಅರವತ್ತು ದಾಟಿದ್ದ ಅವರು ಇಬ್ಬರು ಸಹೋದ್ಯೋಗಿಗಳೊಡನೆ ಮಿದುಳಿನ ಸುತ್ತ ರಕ್ತಸ್ರಾವವಾದ 47 ಮಂದಿಯ ಚಿತ್ರಗಳನ್ನು ನೋಡಿ, ರಕ್ತ ದಪ್ಪವಾಗಿ ನಿಂತಿದ್ದವರಲ್ಲಿ ಮುಂದೆ ಧಮನಿಗಳು ಸೆಟೆದು ಕಿರಿದಾಗುವುದನ್ನು 1980ರಲ್ಲಿ ತೋರಿಸಿದರು. ಅದರಿಂದ ಹುಟ್ಟಿದ ಫಿಶರ್ ಅಳತೆ, ಅದನ್ನು ತಿದ್ದಿದ ರೂಪ, ಇವತ್ತಿಗೂ ಐಸಿಯು ಕೇಸ್‌ಶೀಟಿನಲ್ಲಿ ಬರೆಯುವಂಥದ್ದು. ಯಾರ ಮೇಲೆ ಹೆಚ್ಚು ನಿಗಾ ಬೇಕೆಂದು ಅದು ಹೇಳುತ್ತದೆ. ಧಮನಿ ಸೆಟೆಯುವ ಭಯ ಸುಮಾರು ನಾಲ್ಕನೇ ದಿನದಿಂದ ಎರಡು ವಾರದವರೆಗೆ. ಅಷ್ಟೂ ದಿನ ನರ್ಸ್ ಗಂಟೆಗಂಟೆಗೂ ರೋಗಿಯನ್ನು ಎಬ್ಬಿಸಿ ಹೆಸರು ಕೇಳುತ್ತಾರೆ, ಪಾಪೆಗೆ ಟಾರ್ಚ್ ಬಿಡುತ್ತಾರೆ, ಅಂಗೈ ಮೇಲೆ ಮಾಡಿ ಎರಡೂ ಕೈ ಚಾಚಿ ಕಣ್ಣು ಮುಚ್ಚಿ ಎನ್ನುತ್ತಾರೆ. ರಾತ್ರಿ ಎರಡಕ್ಕೆ ನೆಟ್ಟಗೆ ನಿಂತಿದ್ದ ಕೈ ಮೂರಕ್ಕೆ ಒಳಮಗ್ಗುಲಿಗೆ ತಿರುಗುತ್ತಾ ಮೆಲ್ಲಗೆ ಇಳಿದರೆ, ಡ್ಯೂಟಿ ಡಾಕ್ಟರಿಗೆ ಕೂಡಲೇ ಫೋನ್ ಹೋಗುತ್ತದೆ. ಹಾಸಿಗೆ ಸ್ಕ್ಯಾನ್ ಕೊಠಡಿಯತ್ತ ಉರುಳುವುದು ಆಮೇಲೆ.