ಸ್ನೋಮ್ಯಾನ್ ವಾರ ಯಾಕೆ, ರಾಗಿ ವಾರ ಮಾಡಿ

ಮೂರು-ನಾಲ್ಕು ವರ್ಷದ ಮಗುವಿಗೆ ಮನೆಪಾಠ ಅಂದ್ರೆ ಈಗ ವಾರಕ್ಕೊಂದು ಥೀಮ್. ಇಂಟರ್ನೆಟ್ಟಿಂದ ಪ್ರಿಂಟ್ ತೆಗೆದರೆ ಮುಗೀತು. ಐಡಿಯಾ ಒಳ್ಳೇದೇ. ಒಂದೇ ವಿಷಯವನ್ನು ಏಳು ದಿನ ಓದಿ, ಎಣಿಸಿ, ಬಣ್ಣ ಹಚ್ಚಿದರೆ ಪದಗಳು ಬಾಯಲ್ಲಿ ಕೂರುತ್ತವೆ. ನನ್ನ ತಕರಾರು ಯಾವ ವಿಷಯ ಅನ್ನೋದರ ಬಗ್ಗೆ. ಯಲಹಂಕದ ಫ್ಲ್ಯಾಟಲ್ಲಿ ಸ್ನೋಮ್ಯಾನ್ ಯಾಕೆ? ಬೇಸಾಯದ ವಾರಕ್ಕೆ ಜಿಕೆವಿಕೆ ಕೃಷಿಮೇಳದ ರಾಗಿ ತೆನೆ ಇದೆ, ಹಕ್ಕಿಗೆ ಹೆಬ್ಬಾಳ ಕೆರೆಯ ಹೆಜ್ಜಾರ್ಲೆ, ರೈಲಿಗೆ ಯಶವಂತಪುರ ಸ್ಟೇಷನ್.

ಪುಸ್ತಕ? ನಮ್ಮೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಚಿತ್ರಗಳು ಸೊಗಸು, ಅದರೊಳಗಿನ ಮಕ್ಕಳೂ ನಮ್ಮ ಮಕ್ಕಳಂಥವರೇ. ಆದರೆ ಕೆಲವು ಅನುವಾದಗಳನ್ನು ಜೋರಾಗಿ ಓದಿದರೆ ನಾಲಿಗೆ ಎಡವುತ್ತೆ. ‘ಹೊಟ್ಟೆ ಹಸೀತಿದೆ’ ಅನ್ನಬೇಕಾದ ಮಗು ‘ನನಗೆ ಹಸಿವಾಗುತ್ತಿದೆ’ ಅಂತ ವರದಿ ಒಪ್ಪಿಸುವ ಧಾಟಿ. ಇದು ಸಣ್ಣ ಕೊಂಕಲ್ಲ. ಓದು ಬರದ ಮಗುವಿಗೆ ಪುಸ್ತಕ ಅಂದ್ರೆ ಅಪ್ಪ-ಅಮ್ಮನ ದನಿ. ಇಂಗ್ಲಿಷ್ ಪುಸ್ತಕ ಸಲೀಸಾಗಿ ಹರಿದು, ಕನ್ನಡದ್ದು ತಡವರಿಸಿದರೆ ಮಗು ‘ಇನ್ನೊಂದ್ಸಲ’ ಅಂತ ಯಾವುದನ್ನು ಕೇಳುತ್ತೆ? ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ಇವತ್ತಿಗೂ ಉಳಿದಿರೋದು ಅವು ಬಾಯಿಗೆಂದೇ ಹುಟ್ಟಿದ್ದರಿಂದ.

ಪರಿಹಾರ ಅಲ್ಲೇ ಇದೆ. ಸ್ಟೋರಿವೀವರ್‌ನ ಕಥೆಗಳು ಮುಕ್ತ ಲೈಸೆನ್ಸಿನವು. ಇಳಿಸಿಕೊಳ್ಳಬಹುದು, ತಿದ್ದಬಹುದು, ಹೊಸದಾಗಿ ಅನುವಾದಿಸಿ ಹಂಚಬಹುದು. ಈ ವಾರ ಒಂದು ಕಥೆ ಆರಿಸಿ, ಎಡವಿದ ವಾಕ್ಯಗಳನ್ನು ನಿಮ್ಮ ಮನೆಯ ಮಾತಿಗೆ ತಿರುಗಿಸಿ ಓದಿ. ವರ್ಕ್‌ಶೀಟ್ ಆಮೇಲೆ ನೋಡೋಣ.